ನಿಮ್ಮದು ಯಾವ ನೆಲ?

ನಾನು ಓದಿದ್ದು ಏಳನೇ ಕ್ಲಾಸು. ತುಮಕೂರು ಕಡೆಯ ಕೆಂಪು ನೆಲದಲ್ಲಿ ಮೂರೂವರೆ ಎಕರೆ ಖುಷ್ಕಿ. ರಾಗಿ, ಅದರ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಮಗ ಮೊಬೈಲು ಕೊಡಿಸಿದ ಮೇಲೆ ರೈತರದೊಂದು ವಾಟ್ಸಾಪ್ ಗುಂಪಿಗೆ ಸೇರಿಕೊಂಡೆ. ಮೊದಮೊದಲು ಬಲು ಚೆನ್ನಾಗಿತ್ತು. ಯಾರೋ ಹುಳ ಬಿದ್ದ ಅವರೆಕಾಯಿ ಫೋಟೋ ಹಾಕಿದರೆ ನಾಲ್ಕು ಜನ ತಮಗೆ ತಿಳಿದದ್ದು ಹೇಳೋರು. ಈಗ ಮಾತಿಗಿಂತ ಮುಂಚೆ ಬೈಗುಳ. ಸಾವಯವದವರಿಗೂ ಸರ್ಕಾರಿ ಗೊಬ್ಬರದವರಿಗೂ ಜಗಳ. ಸಾವಯವದವರಲ್ಲೇ ಎರೆಗೊಬ್ಬರದವರಿಗೂ ಜೀವಾಮೃತದವರಿಗೂ ಜಗಳ. ಗುತ್ತಿಗೆಗೆ ಹೊಲ ಹಿಡಿದ ಹುಡುಗನೊಬ್ಬ ಯೂರಿಯಾ ಎಷ್ಟು ಹಾಕಲಿ ಅಂತ ಕೇಳಿದ. "ಭೂಮಿತಾಯಿಗೆ ವಿಷ ಇಕ್ತೀಯಾ" ಅಂದರು. ಆಮೇಲೆ ಆ ಹುಡುಗ ಏನೂ ಕೇಳಲೇ ಇಲ್ಲ.

ಬೇರೆಯವರ ಮಾತೇಕೆ, ನಾನೂ ಮಾಡಿದ್ದೇನೆ. ವಿಜಯಪುರ ಕಡೆಯ ಹಿರಿಯರೊಬ್ಬರು ಜೋಳದ ಹೊಲದ ಫೋಟೋ ಹಾಕಿ, "ಬಿತ್ತಿದ ಮ್ಯಾಲೆ ಹನಿ ಮಳಿ ಇಲ್ರಿ, ಆದ್ರೂ ತೆನಿ ಹಿಡದೈತಿ" ಎಂದು ಬರೆದಿದ್ದರು. ನಮ್ಮಲ್ಲಿ ಹದಿನೈದು ದಿನ ಮಳೆ ಕೈಕೊಟ್ಟರೆ ರಾಗಿ ಪೈರು ಸುರುಟಿಕೊಳ್ಳುತ್ತೆ. "ಸುಳ್ಳಿಗೂ ಒಂದು ಮಿತಿ ಬೇಕು ಯಜಮಾನ್ರೇ, ಬೋರ್‌ವೆಲ್ ಫೋಟೋನೂ ಹಾಕಿ" ಅಂತ ನಾನು ಬರೆದೆ. ಸುಮಾರು ಜನ ನಗುವ ಗೊಂಬೆ ಒತ್ತಿದರು. ನನಗೆ ಹೆಮ್ಮೆಯೇ ಆಯಿತು ಅನ್ನಿ. ರಾತ್ರಿ ನೋಡಿದರೆ ಅವರು ಗುಂಪು ಬಿಟ್ಟಿದ್ದರು.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಎತ್ತು ನೋಡಲು ಹೋಗಿದ್ದೆ. ದಾರಿ ಉದ್ದಕ್ಕೂ ಎರೆ ಹೊಲ, ಆಳುದ್ದ ಬಿಳಿಜೋಳ. ಎಷ್ಟೋ ಹೊಲದಲ್ಲಿ ಬೋರೂ ಇಲ್ಲ, ಪೈಪೂ ಇಲ್ಲ. ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಅವರ ನಂಬರು ಮೊಬೈಲಿನಲ್ಲೇ ಇತ್ತು, ಧೈರ್ಯ ಮಾಡಿ ಫೋನ್ ಮಾಡಿದೆ. "ಬರ್ರಿ, ಹೊಲ ನೋಡಿ ಹೋಗ್ರಿ" ಅಂದರು. ಹೋದ ತಕ್ಷಣ ಅವರು ಕೇಳಿದ ಮೊದಲ ಮಾತು: "ನಿಮ್ಮದು ಯಾವ ನೆಲಾರಿ?"

ಮುಂಗಾರಿನಲ್ಲಿ ಆ ಹೊಲ ಖಾಲಿ ಬಿಟ್ಟು, ಕುಂಟೆ ಹೊಡೆದು ಮಳೆ ಇಂಗಿಸುತ್ತಾರೆ. ಉತ್ತರೆ, ಹಸ್ತದ ಹಸಿಗೆ ಬಿತ್ತನೆ. ಎರೆಮಣ್ಣು ಆಳಕ್ಕೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಬೆಳೆ ಅದನ್ನೇ ಕುಡಿದು ಬೆಳೆಯುತ್ತೆ. ನೆಲ ಬಿರುಕು ಬಿಟ್ಟರೆ ಒಳಗಿನ ಹಸಿ ಹಾರಿಹೋಗುತ್ತೆ ಅಂತ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಅವರು ಹೇಳಿದ್ದೂ ನಿಜ, ನಾನು ಕಂಡಿದ್ದೂ ನಿಜ. ನಡುವೆ ಮಣ್ಣು ಬೇರೆ ಇತ್ತು.

ಅರಳಿಕಟ್ಟೆಯಲ್ಲಿ ಕೂತಾಗ ಯಾರಿಗೂ ಹಂಗೆ ಅನ್ನಲ್ಲ. ನಾಳೆ ಅವನ ಎತ್ತೇ ಬೇಕು, ಬಿತ್ತನೆಗೆ ಅವನ ಮನೆ ಬೀಜವೇ ಬೇಕು. ಅಲ್ಲದೆ ಅವನ ಹೊಲ ನಮ್ಮ ಕಣ್ಣೆದುರೇ ಇರುತ್ತೆ. ಮೊಬೈಲಿನಲ್ಲಿ ಎತ್ತಿನ ಹಂಗೂ ಇಲ್ಲ, ಹೊಲವೂ ಕಾಣದು. ಹಾಗಿದ್ದ ಮೇಲೆ ಯಾವ ಮಣ್ಣು, ಎಷ್ಟು ಮಳೆ, ನೀರಾವರಿಯೋ ಖುಷ್ಕಿಯೋ ಅಂತ ಮೊದಲು ಕೇಳಬೇಕಾದವರು ನಾವೇ ತಾನೆ? ಬುದ್ಧಿ ಹೇಳುವುದು ಆಮೇಲಾಯಿತು. ಬೈದು ಓಡಿಸಿದವನ ಜೊತೆ ಅವನ ಅನುಭವವೂ ಹೋಗುತ್ತೆ. ಪುಸ್ತಕದಲ್ಲಿ ಬರೆಯದ ಸಂಗತಿಗಳು ಅಂಥ ಮುದುಕರ ಹತ್ತಿರವೇ ಇರುವುದು.

ತಪ್ಪಾಯ್ತು ಅಂದೆ. ಗುಂಪಿಗೆ ಮತ್ತೆ ಬನ್ನಿ ಅಂತಲೂ ಕೇಳಿದೆ. ನಕ್ಕರು, ಏನೂ ಹೇಳಲಿಲ್ಲ. ಹೊರಡುವಾಗ ಎರಡು ಸೇರು ಜೋಳ ಕಟ್ಟಿಕೊಟ್ಟು, "ಇದು ನಿಮ್ಮ ಕೆಂಪು ನೆಲದಾಗ ಬಿತ್ತಾಕ ಅಲ್ರಿ, ರೊಟ್ಟಿಗೆ" ಅಂದರು. ಗುಂಪಿಗೆ ಇನ್ನೂ ಬಂದಿಲ್ಲ.