ಬಿಳಿ ಐರಿಸ್ ಮತ್ತು ನಮ್ಮೂರಿನ ಪಾಸಿಟಿವ್ ಥಿಂಕಿಂಗು

ಆಸ್ಟೆರಿಕ್ಸ್ ಸರಣಿಯ 40ನೇ ಪುಸ್ತಕ 'ಆಸ್ಟೆರಿಕ್ಸ್ ಅಂಡ್ ದ ವೈಟ್ ಐರಿಸ್' ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಅದು ಘಾಟಿ ಹತ್ತಿ ಮೂಡಿಗೆರೆ ಸೇರಿ, ಅಣ್ಣನ ಮಗಳ ಕೈಯಿಂದ ನನ್ನ ಕೈಗೆ ಬರುವಷ್ಟರಲ್ಲಿ 41ನೆಯದೂ (ಆಸ್ಟೆರಿಕ್ಸ್ ಇನ್ ಲುಸಿಟೇನಿಯಾ, 2025) ಬಂದಾಗಿದೆ. ಇರಲಿ ಬಿಡಿ, ಕಾಮಿಕ್ಸ್ ಏನು ಹಾಲೇ, ಒಡೆದುಹೋಗೋದಕ್ಕೆ :)

ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿ.ಪೂ. 50. ಇಡೀ ಗಾಲ್ ದೇಶ ರೋಮನ್ನರ ಕೈಲಿದೆ, ಒಂದೇ ಒಂದು ಹಳ್ಳಿ ಬಿಟ್ಟು. ಅಲ್ಲೊಬ್ಬ ಮದ್ದು ಕಾಯಿಸುವ ಮುದುಕ, ಆ ಮದ್ದು ಕುಡಿದು ರೋಮನ್ನರಿಗೆ ಬಾರಿಸುವ ಕುಳ್ಳ ಆಸ್ಟೆರಿಕ್ಸ್, ಚಿಕ್ಕಂದಿನಲ್ಲೇ ಮದ್ದಿನ ಕಡಾಯಿಗೆ ಬಿದ್ದು ಕಾಡುಹಂದಿಗಳನ್ನು ಸಾಲಾಗಿ ತಿನ್ನುವ ದಡೂತಿ ಓಬೆಲಿಕ್ಸ್. 1959ರಲ್ಲಿ ಗೊಸಿನಿ ಬರೆದು ಉಡೆರ್ಜೊ ಚಿತ್ರ ಹಾಕಿ ಶುರು ಮಾಡಿದ್ದು. ಗೊಸಿನಿ 1977ರಲ್ಲೇ ಹೋದರು, ಉಡೆರ್ಜೊ 2020ರಲ್ಲಿ. 2013ರಿಂದ ಚಿತ್ರ ದಿದಿಯೇ ಕಾನ್ರಾಡ್ ಅವರದು. ಈ ಪುಸ್ತಕದ ಕಥೆ ಫಾಬ್‌ಕಾರೊ ಎಂಬ ಹೊಸಬರದು.

ಕಥೆ ಏನಪ್ಪಾ ಅಂದರೆ, ಒದೆ ತಿಂದೂ ತಿಂದೂ ರೋಮನ್ ಸೈನಿಕರಿಗೆ ಬದುಕೇ ಸಾಕಾಗಿದೆ. ಅವರಿಗೆ ಹುರುಪು ತುಂಬಲು ಸೀಸರನ ಕಡೆಯಿಂದ ಒಬ್ಬ ವೈದ್ಯ ಕಂ ಗುರು ಬರುತ್ತಾನೆ. ಸಕಾರಾತ್ಮಕ ಚಿಂತನೆ, ಹಿತಮಿತ ಆಹಾರ, ನುಣ್ಣನೆ ಮಾತು. ಆಸಾಮಿ ಸೈನಿಕರಿಗಷ್ಟೇ ನಿಲ್ಲದೆ ನಮ್ಮ ಹಳ್ಳಿಗೂ ಕಾಲಿಡುತ್ತಾನೆ. ಅಲ್ಲಿಗೆ ದಿನಾ ಹೊಡೆದಾಡುತ್ತಿದ್ದವರೆಲ್ಲ ಮೆತ್ತಗಾಗಿಬಿಡುತ್ತಾರೆ. ಯಾರಿಗೂ ಕೋಪವೇ ಇಲ್ಲ. ಆಸ್ಟೆರಿಕ್ಸ್‌ಗೆ ಗಾಬರಿಯಾಗುವುದು ಇದೇ ನೋಡಿ!

1970ರ 'ದ ರೋಮನ್ ಏಜೆಂಟ್' ಓದಿದವರಿಗೆ ಇದರ ಗಮ್ಮತ್ತು ಹೆಚ್ಚು. ಅಲ್ಲಿ ಸೀಸರ್ ಕಳಿಸಿದವನು ಜಗಳ ಹಚ್ಚುವವನು. ಅವನು ಕಾಲಿಟ್ಟಲ್ಲೆಲ್ಲ ಜನರ ಮಾತಿನ ಗುಳ್ಳೆಗಳು ಹಸಿರು ಬಣ್ಣಕ್ಕೆ ತಿರುಗುತ್ತಿದ್ದವು. ಇಲ್ಲಿ ಅದರ ಉಲ್ಟಾ. ಜಗಳ ಹಚ್ಚಿ ಒಡೆಯಲಾಗದ ಊರನ್ನು ಜಗಳ ಬಿಡಿಸಿ ಒಡೆಯುವುದು. ಗೊಸಿನಿ ಇದ್ದಿದ್ದರೆ ಮೆಚ್ಚುತ್ತಿದ್ದರು ಅಂತ ನನಗನ್ನಿಸುತ್ತೆ.

ನಾನು ನಕ್ಕಿದ್ದಕ್ಕೆ ಬೇರೆ ಕಾರಣವೂ ಇದೆ. 2019ರ ಆಗಸ್ಟ್ ಮಳೆ ನೆನಪಿರಬಹುದು. ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಮನೆ, ತೋಟ ಎಲ್ಲ ಕೆಸರಾಗಿ ಹೋಯಿತು. ನಮ್ಮಲ್ಲೂ ಕೊಳೆರೋಗಕ್ಕೆ ಕಾಯಿ ಉದುರಿ ಗಿಡದಡಿ ಕಪ್ಪಗೆ ಹಾಸಿತ್ತು. ಅದಾಗಿ ಕೆಲವು ತಿಂಗಳಿಗೆ ಬೆಳೆಗಾರರ ಒಂದು ಸಭೆಗೆ ಹೋಗಿದ್ದೆ. ಪರಿಹಾರದ ಮಾತು ಬರುತ್ತೆ ಅಂತ ಕೂತರೆ, ಕೋಟು ಹಾಕಿಕೊಂಡ ಒಬ್ಬರು ಒಂದೂವರೆ ಗಂಟೆ, ನಷ್ಟವನ್ನು ಅವಕಾಶವಾಗಿ ನೋಡುವುದು ಹೇಗೆ ಅಂತ ಭಾಷಣ ಮಾಡಿದರು. ಕಣ್ಣು ಮುಚ್ಚಿಸಿ ಉಸಿರಾಟ ಬೇರೆ ಮಾಡಿಸಿದರು. ಎದ್ದು ಕೇಳಬೇಕಾದ ಪ್ರಶ್ನೆಗಳು ಎಲ್ಲರ ಜೇಬಿನಲ್ಲೂ ಇದ್ದವು. ಆದರೆ ಅಷ್ಟು ಉಸಿರು ಎಳೆದುಕೊಂಡ ಮೇಲೆ ಜಗಳಕ್ಕೆ ನಿಲ್ಲುವುದಕ್ಕೆ ನಾಚಿಕೆಯಾಗುತ್ತೆ ಸ್ವಾಮಿ. ಊಟ ಚೆನ್ನಾಗಿತ್ತು, ಉಂಡು ಬಂದ್ವಿ. ಆ ಬಿಳಿ ಐರಿಸ್ ಗುರುವನ್ನು ನೋಡುತ್ತಲೇ ಆ ಕೋಟು ಕಣ್ಮುಂದೆ ಬಂತು.

ಪುಸ್ತಕದ ಎರಡನೇ ಅರ್ಧ ಅಷ್ಟು ಗಟ್ಟಿಯಿಲ್ಲ. ಗುರುವಿನ ಮಾತಿಗೆ ಮರುಳಾಗಿ ಹಳ್ಳಿಯ ಮುಖ್ಯಸ್ಥನ ಹೆಂಡತಿ ಇಂಪೆಡಿಮೆಂಟಾ ಲುಟೇಷಿಯಾಗೆ, ಅಂದರೆ ಈಗಿನ ಪ್ಯಾರಿಸ್‌ಗೆ, ಹೊರಟುಬಿಡುತ್ತಾಳೆ. ಅವಳನ್ನು ಕರೆತರಲು ಇವರ ಸವಾರಿ. ಅತಿವೇಗದ ರಥ, ತಟ್ಟೆಯಲ್ಲಿ ಚಿಟಿಕೆ ಊಟ ಬಡಿಸುವ ಹೋಟೆಲ್ಲು, ಪಟ್ಟಣದ ಶೋಕಿ... ಜೋಕುಗಳು ಒಂದರ ಹಿಂದೆ ಒಂದು ಬರುತ್ತವೆ, ಕಥೆ ಮಾತ್ರ ನಿಂತಲ್ಲೇ ನಿಲ್ಲುತ್ತೆ. ಆದರೆ ಮುಖ್ಯಸ್ಥನ ಸಂಕಟ ಚೆನ್ನಾಗಿ ಬಂದಿದೆ. ಗುರಾಣಿಯ ಮೇಲೆ ನಿಂತು ಮೆರೆಯುವ ಮನುಷ್ಯ ಹೆಂಡತಿ ಇಲ್ಲದೆ ಪಾಪ ಇಳಿದುಹೋಗುತ್ತಾನೆ. ಅವಳ ದೂರೂ ಸುಳ್ಳಲ್ಲ. ಅವಳನ್ನು ಅವನು ಕಣ್ಣೆತ್ತಿ ನೋಡಿ ಎಷ್ಟು ಕಾಲವಾಗಿತ್ತೋ. ಕೊನೆ ಹೇಳಲ್ಲ, ಓದಿಕೊಳ್ಳಿ.

ವ್ಯಂಗ್ಯದ ಮೊನಚಿನ ವಿಷಯಕ್ಕೆ ಬಂದರೆ ನನ್ನ ಓಟು ಈಗಲೂ 1976ರ 'ಓಬೆಲಿಕ್ಸ್ ಅಂಡ್ ಕೋ'ಗೆ. ರೋಮನ್ನರು ಉಪಯೋಗಕ್ಕೆ ಬಾರದ ಕಲ್ಲುಗಳನ್ನು ರೇಟು ಏರಿಸಿ ಏರಿಸಿ ಕೊಂಡು ಇಡೀ ಹಳ್ಳಿಯನ್ನು ಕಲ್ಲು ಕಡಿಯಲು ಹಚ್ಚುವ ಕಥೆ. 2003ರ ಸುಮಾರಿಗೆ ಮಲೆನಾಡಿನಲ್ಲಿ ವೆನಿಲಾ ಬಳ್ಳಿಗೆ ರಾತ್ರಿ ಕಾವಲು ಕೂತವರು, ಮತ್ತೆರಡು ವರ್ಷಕ್ಕೆ ಅದನ್ನೇ ಕಿತ್ತು ಎಸೆದವರು ಓದಬೇಕು ಅದನ್ನ.

ಈಗ ನನ್ನ ಹೊಟ್ಟೆಯುರಿ. ವೈಟ್ ಐರಿಸ್ 20 ಭಾಷೆಗಳಲ್ಲಿ ಒಟ್ಟಿಗೆ ಬಂತು, 50 ಲಕ್ಷ ಪ್ರತಿ. ಆ 20ರಲ್ಲಿ ಕನ್ನಡ ಇಲ್ಲ. ಹಿಂದಿಯಲ್ಲಿ, ಬಂಗಾಳಿಯಲ್ಲಿ ಆಸ್ಟೆರಿಕ್ಸ್‌ನ ಕೆಲವು ಪುಸ್ತಕಗಳಾದರೂ ಬಂದಿವೆ. ನಮ್ಮ ತಲೆಮಾರಿಗೆ ಬಾಲಮಂಗಳದ ಡಿಂಗ ಇದ್ದ, ಚಂದಮಾಮ ಇತ್ತು. ಅಣ್ಣನ ಮಗಳು ನಗುವುದೆಲ್ಲ ಇಂಗ್ಲಿಷ್‌ನಲ್ಲಿ. ಕನ್ನಡ ಅವಳಿಗೆ ಪರೀಕ್ಷೆಯ ಭಾಷೆ, ಅಜ್ಜಿ ಬೈಯುವ ಭಾಷೆ. ಹಾಗಂತ ಅವಳ ಕೈಗೆ ನೀತಿಕಥೆ ಕೊಟ್ಟರೆ ಓದುತ್ತಾಳೆಯೇ?

ಶ್ಲೇಷೆ ಜಾಸ್ತಿ, ಅನುವಾದ ಆಗಲ್ಲ ಅನ್ನುವವರಿಗೆ ಒಂದು ಮಾತು. ನಾವು ಓದುವ ಇಂಗ್ಲಿಷೇ ಅನುವಾದ. ಫ್ರೆಂಚ್‌ನಲ್ಲಿ ನಾಯಿಯ ಹೆಸರು ಇದೇಫಿಕ್ಸ್, ಅಂದರೆ ತಲೆಯಲ್ಲಿ ಗಟ್ಟಿ ಕೂತ ಒಂದೇ ಯೋಚನೆ. ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅದನ್ನು ಡಾಗ್‌ಮ್ಯಾಟಿಕ್ಸ್ ಮಾಡಿದರು. ನಾಯಿಯೂ ಬಂತು, ಹಟವೂ ಉಳಿಯಿತು. ಕನ್ನಡದಲ್ಲಿ ಆಗಲ್ಲವೇ? ಕಿವಿಗೆ ಸೀಸ ಹೊಯ್ಯುವ ಆ ಹಾಡುಗಾರ ಕ್ಯಾಕೊಫೋನಿಕ್ಸ್‌ನನ್ನು 'ಅಪಸ್ವರಿಕ್ಸ್' ಅಂದೆ, ಹುಡುಗಿ ಬಿದ್ದೂ ಬಿದ್ದೂ ನಕ್ಕಳು. ನಕ್ಕಿದ್ದು ಕನ್ನಡಕ್ಕೆ!

ಅನುವಾದವೇ ಯಾಕೆ ಬೇಕು ಅನ್ನಿ. ತೇಜಸ್ವಿಯವರ 'ಕರ್ವಾಲೋ' (1980) ತೆಗೆದು ನೋಡಿ. ಜೇನು ಹಿಡಿಯುವ ಮಂದಣ್ಣ, ಮರ ಹತ್ತುವ ಬಿರ್ಯಾನಿ ಕರಿಯಪ್ಪ, ಪ್ಯಾರ, ಎಲ್ಲದಕ್ಕೂ ಮೂಗು ತೂರಿಸುವ ನಾಯಿ ಕಿವಿ, ಮದ್ದು ಕಾಯಿಸುವ ಮುದುಕನ ಜಾಗಕ್ಕೆ ವಿಜ್ಞಾನಿ ಕರ್ವಾಲೋ, ಬೆನ್ನಟ್ಟಲು ಹಾರುವ ಓತಿ. ಚೌಕಟ್ಟು ಎಳೆದು ಚಿತ್ರ ತುಂಬುವುದೊಂದೇ ಬಾಕಿ ಅನ್ನುವ ಹಾಗಿದೆ. 'ಮಾಯಾಲೋಕ-1' ಅಂತ ಹೆಸರಿನ ಮುಂದೆ ಒಂದು ಹಾಕಿ ಅವರೇ ಒಂದು ಸರಣಿಗೆ ಕೈಹಾಕಿದ್ದರು. ಎರಡು ಬರುವ ಮೊದಲೇ, 2007ರ ಏಪ್ರಿಲ್ 5ರಂದು ಹೋಗಿಬಿಟ್ಟರು.

ನಿಮ್ಮಲ್ಲಿ ಚಿತ್ರ ಬರೆಯುವ ಕೈ ಇರುವವರು ಇದ್ದೀರಿ, ಗೊತ್ತು. ಮಂದಣ್ಣನ ಮೂತಿ ಹೇಗಿರಬೇಕು ಅಂತ ಒಂದು ಗೀಚಿ ತೋರಿಸಿ. ನಾನು ಹೆಸರುಗಳ ಕೆಲಸ ನೋಡಿಕೊಳ್ತಾ ಇದ್ದೀನಿ. ಕೊಳೆತ ಮೀನು ಮಾರುವವನಿಗೆ 'ಗಬ್ಬುನಾತಿಕ್ಸ್' ಅಂತ ನಾನು, 'ಥೂ ಚಿಕ್ಕಪ್ಪಾ, ನಾರಿಕ್ಸ್ ಸಾಕು' ಅಂತ ಅವಳು. ಇನ್ನೂ ಇತ್ಯರ್ಥ ಆಗಿಲ್ಲ.