ದೂರದ ಊರಿನ ಮಕ್ಕಳಿಗೂ ಹೂ ಕಾಣಲಿ: ಫಲಪುಷ್ಪ ಪ್ರದರ್ಶನದ ಬಗ್ಗೆ ದೇವದುರ್ಗದಿಂದ ಒಂದು ಮನವಿ

ಇವರಿಗೆ,
ಮಾನ್ಯ ನಿರ್ದೇಶಕರು,
ತೋಟಗಾರಿಕೆ ಇಲಾಖೆ, ಲಾಲ್‌ಬಾಗ್, ಬೆಂಗಳೂರು.

ಮೂಲಕ: ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರು, ದೇವದುರ್ಗ.

ಇವರಿಂದ: ದೇವದುರ್ಗ ತಾಲ್ಲೂಕಿನ ಪಾಲಕರು, ಶಿಕ್ಷಕರು ಹಾಗೂ ಹೂ ಬೆಳೆಗಾರರು.

ವಿಷಯ: ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ದೂರದ ತಾಲ್ಲೂಕುಗಳಿಂದ ಬರುವ ಮಕ್ಕಳು, ಮಹಿಳೆಯರು ಮತ್ತು ವೃದ್ಧರಿಗೆ ಮುಂಚಿತ ಮಾಹಿತಿ ಹಾಗೂ ಅನುಕೂಲ ಕಲ್ಪಿಸುವ ಬಗ್ಗೆ, ರಾಯಚೂರು ಜಿಲ್ಲೆಯಲ್ಲಿಯೂ ಅಂಥ ಪ್ರದರ್ಶನಕ್ಕೆ ಬಲ ನೀಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪ್ರತಿ ವರ್ಷ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ತಮ್ಮ ಇಲಾಖೆ ಮತ್ತು ಮೈಸೂರು ಉದ್ಯಾನ ಕಲಾ ಸಂಘ ಸೇರಿ ನಡೆಸುವ ಪ್ರದರ್ಶನ ಬೆಂಗಳೂರಿಗರದಷ್ಟೇ ಅಲ್ಲ, ಇಡೀ ನಾಡಿನ ಹಬ್ಬ. 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, ಅದೇ ವರ್ಷದ ಆಗಸ್ಟ್‌ನಲ್ಲಿ ಅಂಬೇಡ್ಕರ್, 2025ರ ಜನವರಿಯಲ್ಲಿ ಮಹರ್ಷಿ ವಾಲ್ಮೀಕಿ, ಹೀಗೆ ತಾವು ಆರಿಸಿಕೊಂಡ ವಿಷಯಗಳೆಲ್ಲ ನಮ್ಮ ಮನೆಯವೇ. ವಚನಕಾರರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ವಾಲ್ಮೀಕಿಯವರ ಪಟಕ್ಕೆ ಹೂ ಏರಿಸಿ ದಿನ ಆರಂಭಿಸುವ ಮನೆಗಳು ದೇವದುರ್ಗದಲ್ಲಿ ಊರೂರಿಗೂ ಇವೆ. ಆದರೆ ಆ ಹೂವಿನ ವಾಲ್ಮೀಕಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ. ಉಳಿದವರು ನೋಡಿದ್ದು ಮೊಬೈಲಿನಲ್ಲಿ.

ಕಾರಣ ದೂರವೊಂದೇ ಅಲ್ಲ. ದೇವದುರ್ಗಕ್ಕೆ ರೈಲಿಲ್ಲ, ನಿಜ. ರಾಯಚೂರಿಗೆ ಬಂದು ರಾತ್ರಿಯ ಗಾಡಿ ಹಿಡಿಯಬೇಕು, ಇಲ್ಲವೇ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಆದರೂ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ನಮ್ಮ ಹೆಣ್ಣುಮಕ್ಕಳು ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆದು ಬೆಂಗಳೂರು ಮುಟ್ಟುತ್ತಿದ್ದಾರೆ. ಧರ್ಮಸ್ಥಳಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರಿಗೆ ಲಾಲ್‌ಬಾಗ್ ದೂರವೆನಿಸುವುದಿಲ್ಲ. ಅವರನ್ನು ಹಿಂದೆಳೆಯುವುದು ಭಯ. ಅಲ್ಲಿ ಇಳಿದ ಮೇಲೆ ಯಾವ ಬಾಗಿಲಿಗೆ ಹೋಗಬೇಕು, ಯಾವ ದಿನ ಗದ್ದಲ ಕಡಿಮೆ, ಮಗು ಕೈತಪ್ಪಿದರೆ ಯಾರನ್ನು ಕೇಳಬೇಕು ಎಂದು ಹೇಳುವವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮನವಿ ಬರೆಯುತ್ತಿರುವ ನಾನು ಶಿಕ್ಷಕ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಪುಷ್ಪ ಪ್ರದರ್ಶನಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಮೂರು ಕ್ರೂಸರ್ ಮಾಡಿಕೊಂಡು ಕರೆದೊಯ್ದಿದ್ದೆ. ಊರಿನ ಹೆಸರು ಇಲ್ಲಿ ಬೇಡ. ನಾವು ಹೋದದ್ದು ಭಾನುವಾರ, ಅದೂ ಮಧ್ಯಾಹ್ನ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಒಂದೇ ಬಾಗಿಲು. ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಅಂಗಿ ಜಗ್ಗಿ, "ಸರ, ಹೂವ ಎಲ್ಲಿ ಅದಾವ್ರಿ? ನನಗ ಬರೇ ಮಂದಿ ಬೆನ್ನ ಕಾಣಾಕತ್ತಾವ್ರಿ" ಎಂದಳು. ಅವಳನ್ನು ಎತ್ತಿ ತೋರಿಸುವಷ್ಟರಲ್ಲಿ ಇನ್ನೊಬ್ಬ ಹುಡುಗ ಕಣ್ಮರೆಯಾಗಿದ್ದ. ಮೈಕಿನಲ್ಲಿ ಕೂಗಿಸಿದೆವು. ಆ ಸದ್ದಿನಲ್ಲಿ ಅವನ ಹೆಸರು ಅವನಿಗೇ ಕೇಳಿಸಲಿಲ್ಲ. ಮುಕ್ಕಾಲು ಗಂಟೆಯ ನಂತರ ಸಿಕ್ಕಿದ್ದು ಕಬ್ಬಿನ ಹಾಲಿನ ಗಾಡಿಯ ಹಿಂದೆ. ಒಂದು ಕಾಲಿನ ಚಪ್ಪಲಿ ಹೋಗಿತ್ತು. ಉಳಿದೊಂದನ್ನು ಎದೆಗೆ ಅವುಚಿ ಹಿಡಿದು ನಿಂತಿದ್ದ, ಅಳುತ್ತಿರಲಿಲ್ಲ. ತನ್ನ ಊರಿನ ಹೆಸರು ಅವನಿಗೆ ಗೊತ್ತಿತ್ತು, ಫೋನ್ ನಂಬರ್ ಗೊತ್ತಿರಲಿಲ್ಲ. ಅಂದಿನಿಂದ ಎಲ್ಲಿಗೆ ಹೊರಟರೂ ಪ್ರತಿ ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ನನ್ನ ನಂಬರ್ ಬರೆಯುತ್ತೇನೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟ ಸುದ್ದಿ ನಮ್ಮ ಹಳ್ಳಿಯ ಮನೆ ಮನೆಗೂ ಮುಟ್ಟಿದೆ. ಪುಷ್ಪ ಪ್ರದರ್ಶನವನ್ನು ಅದಕ್ಕೆ ಹೋಲಿಸುವ ಉದ್ದೇಶ ನಮ್ಮದಲ್ಲ. ಆದರೆ ಈಗ ಪ್ರವಾಸದ ಒಪ್ಪಿಗೆ ಚೀಟಿ ಕಳಿಸಿದರೆ ತಾಯಂದಿರು ಮೊದಲು ಕೇಳುವ ಮಾತು, "ಗದ್ದಲ ಭಾಳ ಇರ್ತದೇನ್ರಿ ಸರ?" ಎಂಬುದು. ಆ ಪ್ರಶ್ನೆಗೆ ಇಲಾಖೆಯ ಮುದ್ರೆಯುಳ್ಳ ಉತ್ತರ ನಮ್ಮ ಕೈಯಲ್ಲಿರಬೇಕು.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ ಒಂದು ಹಾಳೆ. ಪ್ರದರ್ಶನಕ್ಕೆ ತಿಂಗಳ ಮೊದಲೇ ತಿಳಿಗನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಲಾಲ್‌ಬಾಗಿನ ನಕ್ಷೆಯೊಂದಿಗೆ ಸೂಚನಾ ಪತ್ರವೊಂದನ್ನು ಅಚ್ಚು ಹಾಕಿಸಿ ಪ್ರತಿ ತಾಲ್ಲೂಕಿನ ತೋಟಗಾರಿಕೆ ಕಚೇರಿ, ರೈತ ಸಂಪರ್ಕ ಕೇಂದ್ರ, ಶಾಲೆ ಮತ್ತು ಬಸ್ ನಿಲ್ದಾಣಕ್ಕೆ ಕಳಿಸಬೇಕು. ಅದರಲ್ಲಿ ಏನಿರಬೇಕೆಂಬುದನ್ನು ಹೋಗಿ ಬಂದವರನ್ನು ಕೇಳಿಯೇ ಬರೆಯುತ್ತಿದ್ದೇವೆ. ಶನಿವಾರ, ಭಾನುವಾರ, ಜನವರಿ 26 ಮತ್ತು ಆಗಸ್ಟ್ 15 ಬಿಟ್ಟು ವಾರದ ನಡುವೆ ಬನ್ನಿ ಎಂದು ಮೊದಲ ಸಾಲಿನಲ್ಲೇ ಹೇಳಬೇಕು. 2024ರಲ್ಲಿ ದೊಡ್ಡವರಿಗೆ ವಾರದ ದಿನ 80 ರೂಪಾಯಿ, ರಜಾದಿನ 100 ರೂಪಾಯಿ ಇತ್ತು. ದುಡ್ಡಿನ ಲೆಕ್ಕದಲ್ಲೂ ವಾರದ ದಿನವೇ ಮೇಲು. ಬಾಗಿಲು ತೆರೆಯುವ ಹೊತ್ತಿಗೇ ಬಂದವರು ನೇರ ಗಾಜಿನ ಮನೆಗೆ ಹೋಗಿ ಅದನ್ನು ಮುಗಿಸಿಕೊಂಡು ಆಮೇಲೆ ಕೆರೆ, ಬಂಡೆಯ ಕಡೆಗೆ ನಡೆಯಲಿ. ಮೆಜೆಸ್ಟಿಕ್‌ನಲ್ಲಿ ಇಳಿದವರು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು ದಾಟಿ ನಾಲ್ಕನೆಯದು ಲಾಲ್‌ಬಾಗ್ ನಿಲ್ದಾಣ. ಯಶವಂತಪುರದಲ್ಲಿ ಇಳಿದವರಿಗೂ ಅದೇ ಮಾರ್ಗ, ಗಾಡಿ ಬದಲಿಸಬೇಕಿಲ್ಲ. ಇಷ್ಟು ತಿಳಿಯದೆ ನಮ್ಮವರು ಆಟೋಕ್ಕೆ ಕೇಳಿದಷ್ಟು ಕೊಡುತ್ತಾರೆ. ಶಾಲಾ ಬಸ್ಸು, ಕ್ರೂಸರ್ ಎಲ್ಲಿ ನಿಲ್ಲಿಸಬೇಕು, ಮಕ್ಕಳನ್ನು ಯಾವ ಬಾಗಿಲಲ್ಲಿ ಇಳಿಸಬೇಕು ಎಂಬುದೂ ನಕ್ಷೆಯಲ್ಲಿರಲಿ. ಗುಂಪು ಚದುರಿದರೆ ಸೇರಬೇಕಾದ ಗುರುತು ಗಾಜಿನ ಮನೆಯ ಬಾಗಿಲಾಗಬಾರದು, ಏಕೆಂದರೆ ಎಲ್ಲರೂ ನಿಲ್ಲುವುದು ಅಲ್ಲಿಯೇ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರದಂಥ, ಹಳ್ಳಿಯ ಅಜ್ಜಿಯೂ ಕೇಳಿಕೊಂಡು ಹೋಗಬಹುದಾದ ಜಾಗ ಸೂಚಿಸಬೇಕು. ಮುಂಗೈ ಮೇಲೆ ನಂಬರ್ ಬರೆಯುವ ಉಪಾಯವನ್ನೂ ಸೇರಿಸಿಕೊಂಡರೆ ನಮಗೆ ಸಂತೋಷ.

ಎರಡನೆಯದಾಗಿ, ವಾರದ ದಿನಗಳ ಬೆಳಗಿನ ಮೊದಲ ಎರಡು ಗಂಟೆಯನ್ನು ದೂರದ ಜಿಲ್ಲೆಗಳ ಶಾಲೆಗಳಿಗೆ ಮೀಸಲಿಡಬೇಕು. ಮುಖ್ಯೋಪಾಧ್ಯಾಯರು ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಳ್ಳಲಿ. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ ಇಂದು 240 ಎಕರೆ ಹರಡಿದೆ, ಆದರೆ ಬಂದ ಜನರೆಲ್ಲ ಮೊದಲು ನುಗ್ಗುವುದು 1889ರಲ್ಲಿ ಬುನಾದಿ ಹಾಕಿದ ಆ ಒಂದು ಗಾಜಿನ ಮನೆಗೆ. ಅಲ್ಲಿ ಒಳಹೋಗುವ ಮತ್ತು ಹೊರಬರುವ ದಾರಿ ದಿನದ ಯಾವ ಹೊತ್ತಿನಲ್ಲಿಯೂ ಒಂದಾಗದಂತೆ ನೋಡಿಕೊಳ್ಳಬೇಕು. ಹೂವಿನ ಆಕೃತಿಯ ಸುತ್ತ ಕಟ್ಟುವ ಕಟಕಟೆಗೆ ಒತ್ತಿ ಮಕ್ಕಳಿಗಾಗಿಯೇ ಒಂದು ಸಾಲು ಬಿಡಬೇಕು. ನಾಲ್ಕು ಅಡಿಗಿಂತ ಕಡಿಮೆ ಎತ್ತರದವರು ಮುಂದೆ, ದೊಡ್ಡವರು ಅವರ ಹಿಂದೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇದೊಂದೇ. ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಸಾಕಷ್ಟು ಶೌಚಾಲಯ ಮತ್ತು ರೊಟ್ಟಿ ಬುತ್ತಿ ಬಿಚ್ಚಿ ಕೂರಲು ನೆರಳಿನ ಜಾಗ ಎಲ್ಲಿವೆ ಎಂಬ ಫಲಕಗಳನ್ನು ದಾರಿಯುದ್ದಕ್ಕೂ ಹಾಕಿಸಬೇಕು.

ಮೂರನೆಯ ಬೇಡಿಕೆ ನಮ್ಮ ತಾಲ್ಲೂಕಿನ ನೋವಿಗೆ ಸೇರಿದ್ದು. ಸಮವಸ್ತ್ರದಲ್ಲಿ ಬರುವ ಶಾಲಾ ಮಕ್ಕಳಿಗೆ ಪ್ರದರ್ಶನಕ್ಕೆ ಉಚಿತ ಪ್ರವೇಶ ಕೊಡುವ ತಮ್ಮ ಪದ್ಧತಿಗೆ ನಾವು ಋಣಿಗಳು. ಆದರೆ ಸುಗ್ಗಿ ಮುಗಿದೊಡನೆ ದೇವದುರ್ಗದ ಹಳ್ಳಿ, ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಹೊಲದವರು ಭತ್ತ ಬೆಳೆದುಕೊಂಡು ಊರಲ್ಲಿ ಉಳಿದರು. ನೀರು ಕಾಣದ ಹೊಲದವರು ಇಟ್ಟಿಗೆ ಹೊರಲು ಹೊರಟರು. ಅವರ ಮಕ್ಕಳು ಕಟ್ಟಡದ ತಗಡಿನ ಶೆಡ್ಡಿನಲ್ಲಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ನಮ್ಮ ಶಾಲೆಯಲ್ಲಿದೆ, ಸಮವಸ್ತ್ರ ಊರಿನ ಟ್ರಂಕಿನಲ್ಲಿದೆ. ಲಾಲ್‌ಬಾಗಿನಿಂದ ಕೆಲವೇ ಮೈಲಿ ದೂರದಲ್ಲಿದ್ದೂ ಉಚಿತ ಪ್ರವೇಶ ಸಿಗದೆ ಹೂ ನೋಡದೆ ಉಳಿಯುವವರು ಅವರು. ಒಂದು ನೀಲಿ ಅಂಗಿ ಇಲ್ಲವೆಂಬ ಕಾರಣಕ್ಕೆ ಮಗು ಬಾಗಿಲಲ್ಲಿ ನಿಲ್ಲಬಾರದು. ಕಟ್ಟಡ ಕಾರ್ಮಿಕರ ಗುರುತಿನ ಚೀಟಿ ತೋರಿಸಿದರೆ ಅವರ ಮಕ್ಕಳಿಗೆ ಉಚಿತ ಪ್ರವೇಶವೆಂದು ಆದೇಶ ಹೊರಡಿಸಬೇಕು. ಚೀಟಿ ಇಲ್ಲದವರಿಗೆ ನಮ್ಮ ಶಾಲೆಗಳಿಂದ ದೃಢೀಕರಣ ಪತ್ರ ಕಳಿಸಲು ನಾವು ಸಿದ್ಧ.

ಕೊನೆಯದಾಗಿ, ಬೆಂಗಳೂರಿಗೆ ಬರಲು ಆಗದವರ ಮಾತು. ಹೊಲದ ಕೆಲಸ ಬಿಡಲಾರದ ರೈತ, ರಾತ್ರಿ ಬಸ್ಸು ತಡೆಯದ ವೃದ್ಧರು, ತವರಿಗೂ ಹೋಗಲು ಬಿಡುವಿಲ್ಲದ ತಾಯಂದಿರು ನಮ್ಮಲ್ಲಿ ಹೆಚ್ಚು. ಇವರಿಗಾಗಿ ಜಿಲ್ಲಾ ಮಟ್ಟದ ಫಲಪುಷ್ಪ ಪ್ರದರ್ಶನಕ್ಕೆ ರಾಯಚೂರಿನಲ್ಲಿ ಹೆಚ್ಚಿನ ಅನುದಾನ ಕೊಟ್ಟು, ಮಾನ್ವಿ ಮತ್ತು ದೇವದುರ್ಗದಲ್ಲಿ ಸರದಿಯಂತೆ ಒಂದೊಂದು ದಿನವಾದರೂ ನಡೆಸಬೇಕು. ಮಾರ್ಚ್ ದಾಟಿದರೆ ನಮ್ಮ ಬಿಸಿಲಿಗೆ ಹೂ ನಿಲ್ಲುವುದಿಲ್ಲ, ಆದ್ದರಿಂದ ಜನವರಿಯೇ ಸರಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರು ಅಲ್ಲಿ ಬಂದು ಕೂತರೆ ಸೇವಂತಿ, ಚೆಂಡುಹೂ, ಕನಕಾಂಬರ ಬೆಳೆಯುವ ನಮ್ಮವರಿಗೆ ರೋಗ, ಔಷಧಿ, ಮಾರುಕಟ್ಟೆ ಕುರಿತು ಕೇಳುವುದು ಬೇಕಾದಷ್ಟಿದೆ. ದೀಪಾವಳಿಗೆ ಚೆಂಡುಹೂ ಬೆಳೆದು, ದರ ಬಿದ್ದಾಗ ರಸ್ತೆ ಬದಿಗೆ ಸುರಿದು ಬಂದ ರೈತನಿಗೆ ಹೂವೆಂದರೆ ನೋಡುವ ವಸ್ತುವಷ್ಟೇ ಅಲ್ಲ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಜೊತೆಗೆ, ನಾವು ಕರೆದೊಯ್ಯುವ ಮಕ್ಕಳು ಸಂವಿಧಾನದ 371(ಜೆ) ಕಲಂ ಅಡಿ ವಿಶೇಷ ಸ್ಥಾನ ಪಡೆದ ಪ್ರದೇಶದವರು, ಆದ್ದರಿಂದ ಇಷ್ಟು ಕೇಳುವುದು ಹೆಚ್ಚೇನಲ್ಲ. ಅನುದಾನದ ಬೇಡಿಕೆಗೆ ಸಮಯ ಹಿಡಿಯಬಹುದು, ಕಾಯುತ್ತೇವೆ. ಸೂಚನಾ ಪತ್ರಕ್ಕೆ ಮಾತ್ರ ತಡ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಬರುವ ಜನವರಿ ಪ್ರದರ್ಶನದ ಹಾಳೆಗಳು ಡಿಸೆಂಬರ್ ಮೊದಲ ವಾರದೊಳಗೆ ದೇವದುರ್ಗದ ತೋಟಗಾರಿಕೆ ಕಚೇರಿಗೆ ಮುಟ್ಟಲಿ. ಅಲ್ಲಿಂದ ಅರಕೇರಾ, ಜಾಲಹಳ್ಳಿ, ಗಬ್ಬೂರು ಮತ್ತು ಸುತ್ತಲಿನ ತಾಂಡಾಗಳಿಗೆ ಮನೆ ಮನೆ ಹಂಚುವ ಹೊಣೆ ಈ ಮನವಿಗೆ ಸಹಿ ಹಾಕಿದ ನಮ್ಮೆಲ್ಲರದು.



ತಮ್ಮ ವಿಶ್ವಾಸಿಗಳು,
ದೇವದುರ್ಗ ತಾಲ್ಲೂಕಿನ ಪಾಲಕರು, ಶಿಕ್ಷಕರು ಹಾಗೂ ಹೂ ಬೆಳೆಗಾರರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿಗಳು:
ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು.
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ರಾಯಚೂರು.
ತೋಟಗಾರಿಕೆ ಉಪ ನಿರ್ದೇಶಕರು, ರಾಯಚೂರು.