ಪಕ್ಕದ ಮಂಚದ ಗೆಳೆತನ



ಬೇಸಿಗೆ ರಜೆಯಲ್ಲಿ ಕೆಲವು ವಾರಗಳ ಕೋರ್ಸಿಗೆಂದು ಹೊರದೇಶದ ವಿಶ್ವವಿದ್ಯಾಲಯಗಳಿಗೆ ಹೋಗಿಬರುವ ಮಕ್ಕಳು ಈಗ ನಮ್ಮ ನಡುವೆಯೂ ಇದ್ದಾರೆ. ಸಾಲ ಮಾಡಿ ಕಳುಹಿಸುವ ತಂದೆತಾಯಿಯರೂ ಇದ್ದಾರೆ. ಮಗಳು ಮರಳಿದೊಡನೆ ನಮ್ಮ ಮೊದಲ ಪ್ರಶ್ನೆ: ಸರ್ಟಿಫಿಕೇಟು ಸಿಕ್ಕಿತೆ? ಮುಂದೆ ಅಲ್ಲೇ ಕೆಲಸ ಸಿಗುತ್ತದೆಯೆ?

ಸಂತ ಇಗ್ನೇಷಿಯಸ್ ಲೊಯೋಲರೂ ಹೊರದೇಶದಲ್ಲಿ ಓದಿದವರು. 1528ರಲ್ಲಿ ಸ್ಪೇನಿನಿಂದ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅವರಿಗೆ ಸುಮಾರು 37 ವರ್ಷ. ಖರ್ಚಿಗೆ ಹಣ ಸಾಲದೆ, ಓದಿನ ಬಿಡುವಿನಲ್ಲಿ ಫ್ಲಾಂಡರ್ಸಿಗೆ, ಒಮ್ಮೆ ಇಂಗ್ಲೆಂಡಿಗೂ ಹೋಗಿ ಭಿಕ್ಷೆ ಬೇಡಿ ತಂದರು. ಸೇಂಟ್ ಬಾರ್ಬ್ ಕಾಲೇಜಿನ ಕೊಠಡಿಯಲ್ಲಿ ಅವರ ಜೊತೆಗಿದ್ದವರು ಸವಾಯ್ ನಾಡಿನ ಪೀಟರ್ ಫೇಬರ್, ನವಾರ್ ನಾಡಿನ ಫ್ರಾನ್ಸಿಸ್ ಝೇವಿಯರ್. ಕಿರಿಯರಾದ ಫೇಬರ್ ಅವರಿಗೆ ಪಾಠ ಹೇಳಿಕೊಟ್ಟರು. ಆ ಗೆಳೆತನ ಬೆಳೆದು ಯೇಸುಸಭೆಯಾಯಿತು. ಅದೇ ಝೇವಿಯರ್ 1542ರಲ್ಲಿ ಗೋವೆಯಲ್ಲಿ ಬಂದಿಳಿದರು.

ಪರದೇಶದ ಮೊದಲ ವಾರ ಕಷ್ಟದ್ದೇ. ಊಟ ರುಚಿಸದು, ಮಾತು ಅರ್ಥವಾಗದು, ರಾತ್ರಿ ಮನೆಯ ನೆನಪು. ಆಗ ದಿನಕ್ಕೆ ಹತ್ತು ಸಲ ಫೋನು ಮಾಡಿದರೆ ಮಗುವಿನ ದೇಹ ಅಲ್ಲಿ, ಮನಸ್ಸು ಇಲ್ಲಿ. ಸ್ವಲ್ಪ ತಡೆಯಿರಿ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುತ್ತ ಬೆಳೆದ ಗಡಿನಾಡಿನ ಮಕ್ಕಳು ಹೊಸಬರೊಡನೆ ಹೊಂದಿಕೊಳ್ಳಬಲ್ಲರು.

ಹೊರಡುವಾಗ ಹೇಳಿಕಳುಹಿಸಿ: ಪಕ್ಕದ ಮಂಚದವಳ ಊರು, ಸುಖದುಃಖ ಕೇಳು. ಭಾನುವಾರ ಅಲ್ಲಿನವರ ಜೊತೆ ಅವರ ಭಾಷೆಯ ಬಲಿಪೂಜೆಯಲ್ಲೇ ಭಾಗವಹಿಸು.

ಮರಳಿದ ದಿನ ಸರ್ಟಿಫಿಕೇಟನ್ನು ಆಮೇಲೆ ನೋಡೋಣ. ಮೊದಲು, "ನಿನ್ನ ಜೊತೆ ಯಾರಿದ್ದರು ಮಗಳೇ?" ಎಂದು ಕೇಳೋಣ.